ನೋವಿಗೆ ಪಟ್ಟಿ ಹಚ್ಚಿದರೆ ಸಾಕೇ?



ಆಟಗಾರರ ಭುಜ, ಮಂಡಿಗಳ ಮೇಲೆ ಟಿ.ವಿ.ಯಲ್ಲಿ ಕಾಣುವ ಬಣ್ಣಬಣ್ಣದ ಅಂಟುಪಟ್ಟಿ ಈಗ ನಮ್ಮ ತೋಟಗಳಿಗೂ ಬಂದಿದೆ. ಎಳೆದರೆ ಹಿಗ್ಗುವ ಈ ಪಟ್ಟಿಯನ್ನು ಸಂಘದ ಮಳಿಗೆಯಲ್ಲಿ ಮಾರಾಟಕ್ಕಿಡಬೇಕೆಂದು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಸದಸ್ಯರು ಕೇಳುತ್ತಿದ್ದಾರೆ. ಈ ಬಗ್ಗೆ ನನ್ನ ಅಭಿಪ್ರಾಯವನ್ನು ತಮ್ಮ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಇದನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೋ ಕಾಸೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಆಟಗಾರರು ಹಚ್ಚಿಕೊಂಡ ಮೇಲೆ ಇದು ಲೋಕಪ್ರಸಿದ್ಧವಾಯಿತು. ಹತ್ತಿಬಟ್ಟೆಗೆ ಅಂಟು ಬಳಿದಿರುತ್ತಾರೆಯೇ ಹೊರತು ಅದರಲ್ಲಿ ಔಷಧಿಯೇನೂ ಇರುವುದಿಲ್ಲ. ಚರ್ಮವನ್ನು ತುಸು ಮೇಲೆತ್ತಿ ರಕ್ತಸಂಚಾರ ಹೆಚ್ಚಿಸುತ್ತದೆ ಎಂಬುದು ತಯಾರಕರ ವಾದ. ಆದರೆ ಸೊಂಟನೋವಿನವರ ಮೇಲೆ ನಡೆದ ಪರೀಕ್ಷೆಗಳಲ್ಲಿ, ಕ್ರಮವಾಗಿ ಹಚ್ಚಿದ ಪಟ್ಟಿಗೂ ಸುಮ್ಮನೆ ಅಂಟಿಸಿದ ಪಟ್ಟಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಂಡುಬಂದಿಲ್ಲ. ಕೆಲವರಿಗೆ ನಾಲ್ಕು ದಿನ ಹಾಯೆನಿಸಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನನ್ನ ಆತಂಕ ಬೇರೆ. ಕೊನೆ ಇಳಿಸುವವರ ಭುಜ, ಮೆಟ್ಟುಗತ್ತಿಯ ಮುಂದೆ ಹೊತ್ತುಗಟ್ಟಲೆ ಕುಳಿತು ಅಡಿಕೆ ಸುಲಿಯುವ ಹೆಂಗಸರ ಸೊಂಟ ಮತ್ತು ಮಣಿಕಟ್ಟು, ಇಳಿಜಾರಿನಲ್ಲಿ ಕಾಫಿ ಹಣ್ಣಿನ ಮೂಟೆ ಹೊರುವವರ ಮಂಡಿ, ಇವೆಲ್ಲ ನೋಯುವುದು ದುಡಿಮೆಯ ಭಾರದಿಂದ. ಬೆನ್ನಿಗೆ ಹೊರುವ ಸ್ಪ್ರೇಯರಿಗೆ 16 ಲೀಟರ್ ತುಂಬಿದರೆ ನೀರಿನ ತೂಕವೇ 16 ಕೆ.ಜಿ. ಪಟ್ಟಿ ಹಚ್ಚಿದ ಮಾತ್ರಕ್ಕೆ ಈ ಭಾರ ಇಳಿಯುವುದಿಲ್ಲ. ನೋವು ತುಸು ಮರೆತಿತೆಂದು ಮತ್ತೆರಡು ದಿನ ಅದೇ ಕೆಲಸ ಮಾಡಿದರೆ, ಅಥವಾ ಆಳುಗಳಿಂದ ಮಾಡಿಸಿದರೆ, ವಾರದಲ್ಲಿ ವಾಸಿಯಾಗಬೇಕಾದ ಉಳುಕು ವರ್ಷಗಟ್ಟಲೆ ಉಳಿದೀತು.

ಇನ್ನೂ ಒಂದು ಮಾತು. ಮೈಕೈ ನೋವೆಲ್ಲ ಸ್ನಾಯುವಿನದಲ್ಲ. ಜ್ವರದೊಡನೆ ಕೀಲುನೋವು ಬಂದರೆ ಚಿಕುನ್‌ಗುನ್ಯಾ ಇರಬಹುದು. 2006ರಲ್ಲಿ ರಾಜ್ಯದಲ್ಲೆಲ್ಲ ಅದು ಹಬ್ಬಿದ್ದನ್ನು ತಾವು ಮರೆತಿರಲಾರಿರಿ. ಕಾಡಂಚಿನ ತೋಟದವರಿಗೆ ಜ್ವರ, ಮೈನೋವು ಬಂದರೆ ಮಂಗನಕಾಯಿಲೆಯ ಶಂಕೆಯನ್ನೂ ಮರೆಯಬಾರದು. ಎದೆ ಬಿಗಿತದೊಡನೆ ಎಡತೋಳು ನೋಯುವುದು, ಸೊಂಟನೋವಿನೊಡನೆ ಕಾಲು ಜೋಮು ಹಿಡಿಯುವುದು ಅಥವಾ ಶಕ್ತಿಗುಂದುವುದು, ಇಂಥ ಲಕ್ಷಣ ಕಂಡಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪಟ್ಟಿ ಬಳಸುವವರು ಗಾಯ, ಹುಣ್ಣು, ಕಜ್ಜಿಯ ಮೇಲೆ ಹಚ್ಚಬಾರದು. ತುರಿಕೆ ಎದ್ದರೆ ಕೂಡಲೇ ತೆಗೆಯಬೇಕು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರು ವೈದ್ಯರನ್ನು ಕೇಳದೆ ಬಳಸಬಾರದು.

ಮಳಿಗೆಯಲ್ಲಿ ನಾಲ್ಕು ಸುರುಳಿ ಇಡುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಸಂಘದ ಹಣ ಮೊದಲು ಹೋಗಬೇಕಾದದ್ದು ಸಣ್ಣ ಬೆಳೆಗಾರರಿಗೆ ಬಾಡಿಗೆಗೆ ಸಿಗುವ ಅಡಿಕೆ ಸುಲಿಯುವ ಯಂತ್ರಕ್ಕೆ, ನೆಲದಲ್ಲೇ ನಿಂತು ಕೊನೆ ಕೊಯ್ಯುವ ಹಗುರ ದೋಟಿಗೆ. ಖರ್ಚಿಲ್ಲದ ಕೆಲಸಗಳನ್ನು ನಾಳೆಯಿಂದಲೇ ಆರಂಭಿಸಬಹುದು: ಮೂಟೆಯನ್ನು ಅರ್ಧಕ್ಕೇ ಕಟ್ಟಿಸುವುದು, ಸುಲಿಯುವವರಿಗೆ ಗಂಟೆಗೊಮ್ಮೆ ಎದ್ದು ಓಡಾಡಲು ಬಿಡುವು ಕೊಡುವುದು, ನೋವೆಂದವರಿಗೆ ಎರಡು ದಿನ ಹಗುರ ಕೆಲಸ ಹಚ್ಚುವುದು.

ಯಂತ್ರ ಮತ್ತು ದೋಟಿಯ ವಿಷಯವನ್ನು ಬರುವ ಮಹಾಸಭೆಯ ಮುಂದಿಡಲಿದ್ದೇನೆ. ಸದಸ್ಯರು ತಮ್ಮ ಊರಿನ ಅಗತ್ಯವನ್ನು ಬರೆದು ಕಚೇರಿಗೆ ತಲುಪಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ