ಮುಖಕ್ಕೆ ಹೆಸರುಹಿಟ್ಟು

ಸಾಬೂನು ಕ್ಷಾರಗುಣದ್ದು, ನಮ್ಮ ಚರ್ಮದ ಮೇಲ್ಪದರವಾದರೋ ತುಸು ಆಮ್ಲಗುಣದ್ದು. ಆದುದರಿಂದಲೇ ಚಳಿಗಾಲದಲ್ಲಿ ಸಾಬೂನು ಹಚ್ಚಿದ ಮುಖ ಬಿಗಿದು ಬಿರಿಯುತ್ತದೆ. ನಮ್ಮ ಅಜ್ಜಿಯಂದಿರು ಬಳಸುತ್ತಿದ್ದ ಹೆಸರುಹಿಟ್ಟು ಜಿಡ್ಡನ್ನಷ್ಟೇ ಹೀರಿಕೊಂಡು ಮೃದುವಾಗಿ ಶುಚಿಗೊಳಿಸುತ್ತದೆ.

ಕಾಲು ಕಿಲೋ ಹೆಸರುಬೇಳೆಯನ್ನು ಚೆನ್ನಾಗಿ ಒಣಗಿಸಿ, ನುಣ್ಣಗೆ ಬೀಸಿ, ತೆಳುವಾದ ಮಲ್ ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಬೇಕು. ಇಲ್ಲಿ ಬೇಸರ ಸಲ್ಲದು. ತರಿ ಉಳಿದರೆ ಚರ್ಮವನ್ನು ಗೀರುತ್ತದೆ. ಒಂದು ಚಮಚ ಕಸ್ತೂರಿ ಅರಿಶಿನ ಬೆರೆಸಬಹುದು. ಆದರೆ ಅರಿಶಿನದ ಹೊಳಪಿಗಾಗಿ ವಿಷಕಾರಿಯಾದ ಸೀಸದ ಕ್ರೋಮೇಟ್ ಸವರುವುದುಂಟು. ನಂಬಿಕೆಯ ಕೊಂಬು ದೊರೆಯದಿದ್ದರೆ ಅರಿಶಿನವನ್ನೇ ಬಿಡುವುದು ಲೇಸು.

ಪುಡಿಯನ್ನು ಒಣಗಿದ ಡಬ್ಬಿಯಲ್ಲಿಡಿ. ಒಂದು ಸಲಕ್ಕೆ ಎರಡು ಚಮಚ ತೆಗೆದು ನೀರಿನಲ್ಲಿ ಕಲಸಿ, ಹಗುರವಾಗಿ ಸವರಿ, ಒಣಗುವ ಮುನ್ನವೇ ತೊಳೆಯಿರಿ. ಕಲಸಿದ್ದನ್ನು ಮರುದಿನಕ್ಕೆ ಉಳಿಸಬಾರದು.

ಮದುವೆ ಗೊತ್ತಾದ ಮನೆಗಳಲ್ಲಿ ಹೆಣ್ಣಿನ ಮುಖ ಬೆಳ್ಳಗಾಗಲೆಂದು ಇದಕ್ಕೆ ನಿಂಬೆರಸ ಹಿಂಡುವುದನ್ನು ನಾವು ಕಂಡಿದ್ದೇವೆ. (ಬಣ್ಣದ ಗೊಡವೆ ನಮಗೇಕೋ!) ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಗುಳ್ಳೆಯೆದ್ದು, ತಿಂಗಳುಗಟ್ಟಲೆ ಅಳಿಯದ ಕಪ್ಪು ಕಲೆ ನಿಲ್ಲುವುದುಂಟು. ಅಡಿಗೆ ಸೋಡಾ ಸಹ ಬೇಡ, ಅದೂ ಕ್ಷಾರವೇ.

ಮೊದಲ ಸಲ ಬಳಸುವವರು ಮೊಣಕೈಯ ಒಳಬದಿಗೆ ಹಚ್ಚಿ ತೊಳೆದು, ಒಂದು ದಿನ ಕಾದು ನೋಡಲಿ. ತುರಿಕೆಯೆದ್ದರೆ ಕೈಬಿಡಲಿ. ಕೀವುಗುಳ್ಳೆಗಳಿರುವ ಹರೆಯದ ಮಕ್ಕಳ ಮುಖಕ್ಕೆ ಯಾವ ಪುಡಿಯನ್ನೂ ಉಜ್ಜದೆ ಚರ್ಮವೈದ್ಯರಿಗೆ ತೋರಿಸಿರಿ.