ಅವ್ವನ ಎಣ್ಣೆಗಾಯಿ ಯಾರ ‘ಟ್ರೇಡ್ ಸೀಕ್ರೆಟ್’?

ಹೋದ ತಿಂಗಳು ನಮ್ಮ ಕಾಕಾನ ಮಗ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಪುಟಗಳ ಫೋಟೊ ಕಳಿಸಿದ. ಹಿಂದೆಯೇ ಒಂದು ವಾಯ್ಸ್ ಮೆಸೇಜ್: “ಅಣ್ಣಾ, ಇದಕ ಸಹಿ ಮಾಡು ಅಂತ ಮ್ಯಾನೇಜರ್ ಗಂಟು ಬಿದ್ದಾನ. ಎಲ್ಲಾ ಇಂಗ್ಲಿಷ್‌ನಾಗ ಅದ. ಏನ್ ಬರದಾರ ಸ್ವಲ್ಪ ನೋಡಿ ಹೇಳು.”

ಅವನು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದವನು. ಊರಿನಿಂದ 600 ಕಿಲೋಮೀಟರಿಗೂ ದೂರದ ಬೆಂಗಳೂರಲ್ಲಿ, ಉತ್ತರ ಕರ್ನಾಟಕದ ಊಟಕ್ಕೆ ಹೆಸರಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಆರು ವರ್ಷದಿಂದ ದುಡಿಯುತ್ತಿದ್ದಾನೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲಾ ಅವನ ಕೈಯದ್ದೇ. ಇನ್ನೊಂದೆರಡು ವರ್ಷದಲ್ಲಿ ಊರಿಗೆ ಮರಳಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಖಾನಾವಳಿ ಹಾಕಬೇಕು ಅನ್ನೋದು ಅವನ ಆಸೆ.

ಆ ನಾಲ್ಕು ಪುಟ ಒಂದು ಗೋಪ್ಯತಾ ಒಪ್ಪಂದ, ಅಂದರೆ ಎನ್‌ಡಿಎ. ಅದರಲ್ಲಿದ್ದದ್ದು ಇಷ್ಟು: ಕೆಲಸದ ಅವಧಿಯಲ್ಲಿ ಬಳಸಿದ ಎಲ್ಲ ಪಾಕವಿಧಾನಗಳೂ ಸಂಸ್ಥೆಯ ಸ್ವತ್ತು. ಒಳಗಿನ ‘ಯಾವುದೇ ವಿಷಯ’ವನ್ನು ಹೊರಗೆ ಹೇಳುವಂತಿಲ್ಲ. ಕೆಲಸ ಬಿಟ್ಟ ಮೇಲೆ ಮೂರು ವರ್ಷ ಕರ್ನಾಟಕದಲ್ಲೆಲ್ಲೂ ಇಂಥದ್ದೇ ಹೋಟೆಲ್ ತೆರೆಯುವಂತಿಲ್ಲ, ಅಲ್ಲಿ ಕೆಲಸಕ್ಕೂ ಸೇರುವಂತಿಲ್ಲ. ತಪ್ಪಿದರೆ 5 ಲಕ್ಷ ರೂಪಾಯಿ ಕೊಡಬೇಕು.

ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಎಣ್ಣೆಗಾಯಿ ನಾ ಅವ್ವನ ಕಡಿಂದ ಕಲ್ತೀನಿ. ಇವ್ರು ನನ್ನ ಕಡಿಂದ ಕಲ್ತಾರ. ಈಗ ಅದು ಇವ್ರದೇ ಅಂತ ನಾನೇ ಬರದ್ ಕೊಡಬೇಕಾ?”

ಈ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗುಟ್ಟು ಅಂದರೆ ಯಾವುದು?

ಮಾಲೀಕರ ಭಯ ಸುಳ್ಳೇನಲ್ಲ. ವರ್ಷಗಟ್ಟಲೆ ಪ್ರಯೋಗ ಮಾಡಿ ಹದಕ್ಕೆ ತಂದ ಮಸಾಲೆಯ ಅಳತೆ, ಯಾವ ಮಂಡಿಯಿಂದ ಯಾವ ದರಕ್ಕೆ ಮಾಲು ಬರುತ್ತದೆ ಅನ್ನೋ ಲೆಕ್ಕ, ಮುಂದೆ ಎಲ್ಲಿ ಶಾಖೆ ತೆರೆಯಬೇಕು ಅನ್ನೋ ಯೋಜನೆ, ಇವುಗಳಿಗೆ ಬೆಲೆ ಇದೆ. ಇದನ್ನು ಕದ್ದು ಎದುರಿನ ಹೋಟೆಲಿಗೆ ಮಾರಿದರೆ ಅನ್ಯಾಯವೇ. ಹೊಸ ಆವಿಷ್ಕಾರಕ್ಕೆ ಪೇಟೆಂಟ್ ಪಡೆದರೆ 20 ವರ್ಷ ರಕ್ಷಣೆ ಸಿಗುತ್ತೆ, ಆದರೆ ವಿಧಾನವನ್ನು ಬಹಿರಂಗ ಮಾಡಬೇಕು. ಬರೀ ಪದಾರ್ಥಗಳ ಮಿಶ್ರಣಕ್ಕಂತೂ ಪೇಟೆಂಟ್ ಸಿಗುವುದೇ ಇಲ್ಲ. ಹಾಗಾಗಿ ಹೋಟೆಲಿನವರಿಗೆ ಉಳಿಯೋ ದಾರಿ ಗುಟ್ಟು ಕಾಪಾಡಿಕೊಳ್ಳುವುದು.

ಆದರೆ ಎಲ್ಲವೂ ಗುಟ್ಟಾಗಲ್ಲ. ಭಾರತವೂ ಸಹಿ ಹಾಕಿರುವ ಟ್ರಿಪ್ಸ್ ಒಪ್ಪಂದದ 39ನೇ ವಿಧಿ ಮೂರು ಷರತ್ತು ಹಾಕುತ್ತದೆ. ಆ ಮಾಹಿತಿ ಆ ಕ್ಷೇತ್ರದ ಜನರಿಗೆ ಸಾಮಾನ್ಯವಾಗಿ ತಿಳಿದಿರಬಾರದು. ಗುಟ್ಟಾಗಿರುವುದರಿಂದಲೇ ಅದಕ್ಕೆ ವ್ಯಾಪಾರದ ಬೆಲೆ ಇರಬೇಕು. ಅದನ್ನು ಗುಟ್ಟಾಗಿಡಲು ಮಾಲೀಕ ತಕ್ಕಮಟ್ಟಿನ ಎಚ್ಚರ ವಹಿಸಿರಬೇಕು. ಈ ಅಳತೆಗೆ ನಮ್ಮ ಎಣ್ಣೆಗಾಯಿಯನ್ನು ಇಟ್ಟು ನೋಡಿ. ಎಳೆ ಬದನೇಕಾಯಿ ಸೀಳಿ, ಶೇಂಗಾ, ಎಳ್ಳು, ಕೊಬ್ಬರಿ ಮಸಾಲೆ ತುಂಬೋದು ಆಳಂದ, ಅಫಜಲಪುರ, ಜೇವರ್ಗಿಯ ಯಾವ ಮನೆಗೆ ಗೊತ್ತಿಲ್ಲ? ಮೊದಲನೇ ಷರತ್ತಿನಲ್ಲೇ ಬಿದ್ದುಹೋಯಿತು.

ಕಾನೂನು ಏನನ್ನುತ್ತೆ?

1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಯಾರನ್ನೇ ಆಗಲಿ ಕಾನೂನುಬದ್ಧ ಉದ್ಯೋಗ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ಅನೂರ್ಜಿತ. ಕೆಲಸದಲ್ಲಿ ಇರುವಾಗ ಬೇರೆ ಕಡೆ ದುಡಿಯಬೇಡ ಅನ್ನೋ ಷರತ್ತನ್ನು ಸುಪ್ರೀಂ ಕೋರ್ಟ್ 1967ರ ಗೋಲಿಕೇರಿ ಪ್ರಕರಣದಲ್ಲಿ ಒಪ್ಪಿತು. ಆದರೆ 1980ರ ಕೃಷನ್ ಮುರ್ಗೈ ಪ್ರಕರಣದಲ್ಲಿ, ಕೆಲಸ ಬಿಟ್ಟ ಮೇಲೂ ಮುಂದುವರಿಯುವ ನಿರ್ಬಂಧಕ್ಕೆ ಅದು ಮನ್ನಣೆ ಕೊಡಲಿಲ್ಲ. ಅಂದರೆ ನಿಜವಾದ ಗುಟ್ಟನ್ನು ಕೆಲಸ ಬಿಟ್ಟ ಮೇಲೂ ಕಾಪಾಡಬೇಕು. ಮೂರು ವರ್ಷ ಸೌಟು ಹಿಡಿಯಬೇಡ ಅನ್ನುವಂತಿಲ್ಲ. 5 ಲಕ್ಷದ ಮಾತೂ ಅಷ್ಟೇ. ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕೋರ್ಟು ಕೊಡಿಸುವುದು ನ್ಯಾಯಯುತ ಪರಿಹಾರವನ್ನು. ಬರೆದಿರುವ ಮೊತ್ತ ಅದಕ್ಕೆ ಮೇಲ್ಮಿತಿ ಮಾತ್ರ.

ಹಾಗಂತ ಕೋರ್ಟು ಯಾವಾಗಲೂ ನೌಕರನ ಪರ ಇರುತ್ತೆ ಅಂತಲ್ಲ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನೋ ಬಾಂಡನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನೌಕರನ ಪರವಾಗಿದ್ದ ಕರ್ನಾಟಕ ಹೈಕೋರ್ಟಿನ ತೀರ್ಪು ಬಿದ್ದುಹೋಯಿತು. ಅಲ್ಲಿದ್ದದ್ದು ಕೆಲಸದ ಅವಧಿಯ ಷರತ್ತು, ನಮ್ಮ ತಮ್ಮನದ್ದು ಬಿಟ್ಟ ಮೇಲಿನದ್ದು. ಈ ವ್ಯತ್ಯಾಸ ಗೊತ್ತಿರಬೇಕು.

ಇಷ್ಟೆಲ್ಲ ಇದ್ದರೂ ಇಂಥ ಕಾಗದಗಳನ್ನು ಯಾಕೆ ಬರೆಸಿಕೊಳ್ಳುತ್ತಾರೆ? ಕೋರ್ಟಿನಲ್ಲಿ ಗೆಲ್ಲೋಕೆ ಬೇಕಾಗಿಯೇ ಇಲ್ಲ, ಅದಕ್ಕೇ. ಹಳ್ಳಿಯ ಹುಡುಗನೊಬ್ಬನ ಮನೆಗೆ ವಕೀಲರ ನೋಟಿಸ್ ಬಂದರೆ ಸಾಕು. ಬೆಂಗಳೂರಿಗೆ ಹೋಗಿಬರುವ ಖರ್ಚು, ವಕೀಲರ ಫೀಸು ನೆನೆದೇ ಅವನು ಖಾನಾವಳಿಯ ಆಸೆ ಬಿಡುತ್ತಾನೆ. ಅಮೆರಿಕದಲ್ಲೂ ಇದೇ ನಡೆದಿತ್ತು. ಜಿಮ್ಮಿ ಜಾನ್ಸ್ ಅನ್ನೋ ಸ್ಯಾಂಡ್‌ವಿಚ್ ಕಂಪನಿ, ಬ್ರೆಡ್ಡಿನ ನಡುವೆ ತರಕಾರಿ ಇಡುವ ಹುಡುಗರಿಂದಲೂ ಇಂಥ ಷರತ್ತಿಗೆ ಸಹಿ ಪಡೆಯುತ್ತಿತ್ತು. ನ್ಯೂಯಾರ್ಕ್ ಮತ್ತು ಇಲಿನಾಯ್ ರಾಜ್ಯಗಳ ಅಟಾರ್ನಿ ಜನರಲ್‌ಗಳು ಬೆನ್ನುಹತ್ತಿದ ಮೇಲೆ 2016ರಲ್ಲಿ ಅದನ್ನು ಕೈಬಿಟ್ಟಿತು. ನಮ್ಮಲ್ಲಿ ಹಾಗೆ ಬೆನ್ನುಹತ್ತುವವರು ಯಾರು?

ಉಡುಪಿ ಹೋಟೆಲು ಬೆಳೆದ ದಾರಿ

ಕರ್ನಾಟಕದ ಹೋಟೆಲ್ ಉದ್ಯಮದ ಚರಿತ್ರೆಯನ್ನೇ ನೋಡಿ. ಮದ್ರಾಸಿನ ವುಡ್‌ಲ್ಯಾಂಡ್ಸ್ ಕಟ್ಟಿದ ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದಲೇ ಮೇಲೆ ಬಂದವರು. ಮುಂಬೈನ ಮಾಟುಂಗಾದಲ್ಲಿ ಉಡುಪಿ ಊಟಕ್ಕೆ ಹೆಸರು ತಂದ ರಾಮ ನಾಯಕರದ್ದೂ ಅದೇ ಕಥೆ. ಲೋಟ ತೊಳೆದ ಹುಡುಗ ದೋಸೆ ಹುಯ್ಯೋದು ಕಲಿತು, ಆಮೇಲೆ ತನ್ನದೇ ಹೋಟೆಲ್ ಇಡುವುದು, ಅಲ್ಲಿ ಕಲಿತ ಇನ್ನೊಬ್ಬ ಮತ್ತೊಂದು ಇಡುವುದು, ಉಡುಪಿ ಹೋಟೆಲು ದೇಶ ತುಂಬಿದ್ದು ಹೀಗೆ. ಆಗ ಅವರಿಂದ ಮೂರು ವರ್ಷದ ಬಾಂಡ್ ಬರೆಸಿಕೊಂಡು ಕೂರಿಸಿದ್ದರೆ? ಹೀಗೆ ಬೆಳೆದ ಉದ್ಯಮವೇ ಈಗ ಹಿಂದೆ ಬಂದವರಿಗೆ ಏಣಿ ಎಳೆದುಕೊಳ್ಳುತ್ತಿದೆ.

ಬರಲಿರುವ ಕಾನೂನಿನ ಮೇಲೆ ಕಣ್ಣಿರಲಿ

ವ್ಯಾಪಾರದ ಗುಟ್ಟಿಗೇ ಮೀಸಲಾದ ಕಾಯ್ದೆ ನಮ್ಮಲ್ಲಿಲ್ಲ. 2024ರ ಮಾರ್ಚ್‌ನಲ್ಲಿ ಕಾನೂನು ಆಯೋಗ ತನ್ನ 289ನೇ ವರದಿಯಲ್ಲಿ ಅಂಥ ಕಾಯ್ದೆ ಬೇಕು ಅಂತ ಶಿಫಾರಸು ಮಾಡಿ, ಒಂದು ಕರಡನ್ನೂ ಕೊಟ್ಟಿದೆ. ಕೆಲಸ ಮಾಡುತ್ತಾ ನೌಕರ ಗಳಿಸುವ ಅನುಭವ, ಕೌಶಲ ಗುಟ್ಟಿನ ಲೆಕ್ಕಕ್ಕೆ ಬರಲ್ಲ ಅನ್ನೋ ವಿವರಣೆ ಆ ಕರಡಿನಲ್ಲಿದೆ. ಅಕ್ರಮ ಬಯಲು ಮಾಡುವವರಿಗೆ ರಕ್ಷಣೆಯನ್ನೂ ಆಯೋಗ ಹೇಳಿದೆ. ಈ ಎರಡು ಸಾಲು ಸಂಸತ್ತು ದಾಟುವಾಗ ಉಳಿಯಬೇಕು. ಇಲ್ಲದಿದ್ದರೆ ಕೊಳೆತ ತರಕಾರಿ, ಹದಿನಾಲ್ಕು ತಾಸಿನ ದುಡಿಮೆ, ಕೊಡದ ಓವರ್‌ಟೈಮ್ ಎಲ್ಲವೂ ‘ಒಳಗಿನ ವಿಷಯ’ ಆಗಿಬಿಡುತ್ತವೆ.

ಇನ್ನೂ ಎರಡು ಬೇಡಿಕೆ ನಮ್ಮಿಂದ ಹೋಗಬೇಕು. ಒಂದು, ಒಪ್ಪಂದ ಕೆಲಸಗಾರನ ಭಾಷೆಯಲ್ಲಿರಬೇಕು, ಪ್ರತಿ ಅವನ ಕೈಯಲ್ಲಿರಬೇಕು. ಎರಡು, ಯಾವ ಮಸಾಲೆ, ಯಾವ ಪಟ್ಟಿ ಗುಟ್ಟು ಅಂತ ಹೆಸರಿಸಿ ಬರೆಯಬೇಕು. ‘ಎಲ್ಲವೂ’ ಅಂದರೆ ಸಾಲದು.

ಇಲ್ಲೊಂದು ಮಾತು ಹೇಳಲೇಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ನಮ್ಮ ತಮ್ಮನ ಹತ್ತಿರ ಅದಿಲ್ಲ. ಇಎಸ್‌ಐ ಕಾರ್ಡೂ ಇಲ್ಲ. ಅವನು ಅಲ್ಲಿ ಕೆಲಸ ಮಾಡುತ್ತಾನೆ ಅಂತ ಹೇಳುವ ಏಕೈಕ ಕಾಗದ ಈ ಎನ್‌ಡಿಎ.

ಸಹಿ ಮಾಡಬೇಡ ಅಂತ ನಾನು ಹೇಳಲಿಲ್ಲ. ಅವನ ಮನೆ ನಡೆಯೋದು ಆ ಪಗಾರದ ಮೇಲೆ. “ಮೊದಲು ನೇಮಕಾತಿ ಪತ್ರ ಕೇಳು, ಆಮೇಲೆ ಇದರ ಕನ್ನಡ ಪ್ರತಿ ಕೇಳು” ಅಂದೆ. ಕೇಳಿದನಂತೆ. ನೋಡೋಣ ಅಂದಿದ್ದಾರೆ. ಸಹಿ ಇನ್ನೂ ಬಿದ್ದಿಲ್ಲ. ನಿನ್ನೆ ಫೋನ್ ಮಾಡಿದಾಗ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ಬಾಡಿಗೆ ಎಷ್ಟು ಅಂತ ವಿಚಾರಿಸುತ್ತಿದ್ದ.