ಹೆಸರಿನ ಹಕ್ಕು ಯಾರದು?

ಪಕ್ಷ ಒಡೆದಾಗಲೆಲ್ಲ ಕೇಳುವ ‘ಅಸಲಿ ಯಾರು, ನಕಲಿ ಯಾರು’ ಎಂಬ ಪ್ರಶ್ನೆ ಈ ವಾರದ ಟಿ.ವಿ. ಚರ್ಚೆಗಳಲ್ಲೂ ಕೇಳಿಬಂತು. ಪಕ್ಷದ ಹೆಸರನ್ನು ಪಿತ್ರಾರ್ಜಿತ ಆಸ್ತಿಯಂತೆ ಕಾಣುವುದೇ ಈ ಪ್ರಶ್ನೆಯ ದೋಷ. ಚುನಾವಣಾ ಚಿಹ್ನೆ ಸಹಮಾಲೀಕರು ಪಾಲು ಮಾಡಿಕೊಳ್ಳುವ ಸ್ವತ್ತಲ್ಲ ಎಂದು ಸುಪ್ರೀಂ ಕೋರ್ಟ್ 1971ರಲ್ಲೇ, ಸಾದಿಕ್ ಅಲಿ ಪ್ರಕರಣದಲ್ಲಿ ಹೇಳಿದೆ. 2023ರಲ್ಲಿ ಚುನಾವಣಾ ಆಯೋಗ ಶಾಸಕರ, ಸಂಸದರ ತಲೆ ಎಣಿಸಿ ಶಿವಸೇನೆಯ ಹೆಸರನ್ನೂ ಬಿಲ್ಲುಬಾಣವನ್ನೂ ಏಕನಾಥ ಶಿಂದೆ ಬಣಕ್ಕೆ ಕೊಟ್ಟಿತು. ತಲೆ ಎಣಿಕೆಯೇ ಮಾನದಂಡವಾದರೆ, ಶಾಸಕರನ್ನು ಸೆಳೆದವನಿಗೆ ಪಕ್ಷವೇ ಬಹುಮಾನ. 1999ರಲ್ಲಿ ಜನತಾ ದಳ ಹೋಳಾದಾಗ ದಾರಿ ಬೇರೆಯಿತ್ತು: ಚಕ್ರದ ಗುರುತು ಯಾರಿಗೂ ದಕ್ಕಲಿಲ್ಲ. ಜೆ.ಎಚ್. ಪಟೇಲರಿದ್ದ ಸಂಯುಕ್ತ ದಳ ಬಾಣ ಹಿಡಿಯಿತು, ದೇವೇಗೌಡರ ಜಾತ್ಯತೀತ ದಳ ಟ್ರ್ಯಾಕ್ಟರ್ ಏರಿತು. ಇದರಿಂದ ಮತದಾರ ಗೊಂದಲಕ್ಕೆ ಬಿದ್ದ, ಇಬ್ಬರೂ ಸೋತರು ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಕರ್ನಾಟಕ ವಿಧಾನಸಭೆಯಲ್ಲಿ 1994ರಲ್ಲಿ 115 ಸ್ಥಾನ ಗೆದ್ದಿದ್ದ ಪಕ್ಷದ ಈ ಎರಡು ಹೋಳುಗಳಿಗೆ 1999ರಲ್ಲಿ ಸಿಕ್ಕಿದ್ದು ಕ್ರಮವಾಗಿ 18 ಮತ್ತು 10. ಆದರೆ ಆ ಸೋಲಿಗೆ ಒಳಜಗಳ, ಆಡಳಿತ ವಿರೋಧಿ ಅಲೆಗಳ ಪಾಲೂ ಇತ್ತು, ಗುರುತನ್ನೊಂದೇ ದೂರುವಂತಿಲ್ಲ. 2004ರಲ್ಲಿ ಜಾತ್ಯತೀತ ದಳಕ್ಕೆ 58, ಸಂಯುಕ್ತ ದಳಕ್ಕೆ 5 ಸ್ಥಾನ ಬಂದವು. ಹಿಂದಿನ ಚುನಾವಣೆಯಲ್ಲಿ ಹಿಂದೆ ಬಿದ್ದಿದ್ದ ಬಣವೇ ಮುಂದೆ ಬಂತು. ಅಂದೇ ತಲೆ ಎಣಿಸಿ ಹೆಸರು ಹಂಚಿದ್ದರೆ ಮತದಾರರ ಈ ತೀರ್ಪಿಗೆ ಮೊದಲೇ ಒಂದು ಬಣದ ಕಡೆಗೆ ತಕ್ಕಡಿ ವಾಲುತ್ತಿತ್ತು. ವಿವಾದ ಎದ್ದಾಗ ಹೆಸರು, ಗುರುತು ಎರಡನ್ನೂ ತಡೆಹಿಡಿದು ಇಬ್ಬರನ್ನೂ ಜನರ ಮುಂದೆ ಬರಿಗೈಲಿ ಕಳಿಸುವುದೇ ನ್ಯಾಯ.